ಡಬ್ಬಿಯ ಮೇಲಿನ ಹಸಿರು

ಮಲೆನಾಡಿನ ಯಾವ ಪೇಟೆಯ ಗೊಬ್ಬರದ ಅಂಗಡಿಗೆ ಹೋದರೂ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಸುತ್ತಲಿನ ಗುಡ್ಡಗಳು ಬೋಳಾಗುತ್ತಿದ್ದರೂ ಅಂಗಡಿಯ ಕಪಾಟು ಮಾತ್ರ ದಟ್ಟ ಹಸಿರಾಗಿದೆ. ಕಳೆನಾಶಕದ ಡಬ್ಬಿಯ ಮೇಲೆ ಎಳೆಯ ಚಿಗುರು, ಶಿಲೀಂಧ್ರನಾಶಕದ ಪೊಟ್ಟಣದ ಮೇಲೆ ಇಬ್ಬನಿ ಕುಳಿತ ಎಲೆ, ಕೀಟನಾಶಕದ ಬಾಟಲಿಯ ಮೇಲೆ ಹೊಲದ ನಡುವೆ ನಗುವ ಕುಟುಂಬ. ಕೊಳ್ಳಲು ಬಂದ ರೈತ ಅನುಮಾನಿಸಿದರೆ ಅಂಗಡಿಯವರು ಡಬ್ಬಿಯನ್ನು ತಿರುಗಿಸಿ ಚೀಟಿಯ ಮೂಲೆಯನ್ನು ತೋರಿಸುತ್ತಾರೆ: "ಇದು ಹಸಿರು ತ್ರಿಕೋನದ್ದು ಮಾರಾಯ್ರೆ, ಹೆದರುವಂಥದ್ದೇನಿಲ್ಲ." ಅಂಗಡಿಯವರು ಸುಳ್ಳು ಹೇಳಿರುವುದಿಲ್ಲ. ತ್ರಿಕೋನ ಹಸಿರಾಗಿಯೇ ಇರುತ್ತದೆ. ಆದರೆ ಆ ಹಸಿರು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಅಂಗಡಿಯವರಿಗೂ ಯಾರೂ ತಿಳಿಸಿರುವುದಿಲ್ಲ.

1968ರ ಕೀಟನಾಶಕ ಕಾಯ್ದೆಯಡಿ 1971ರಲ್ಲಿ ರೂಪುಗೊಂಡ ನಿಯಮಗಳ ಪ್ರಕಾರ ಪ್ರತಿ ಪೀಡೆನಾಶಕದ ಚೀಟಿಯ ಮೇಲೆ ವಜ್ರಾಕಾರದ ಗುರುತೊಂದು ಇರಲೇಬೇಕು. ಅದರ ಕೆಳಗಿನ ಅರ್ಧ ತ್ರಿಕೋನಕ್ಕೆ ಕೆಂಪು, ಹಳದಿ, ನೀಲಿ, ಹಸಿರು ಈ ನಾಲ್ಕರಲ್ಲಿ ಒಂದು ಬಣ್ಣ. ಪ್ರಯೋಗಶಾಲೆಯ ಪ್ರಾಣಿಗಳಿಗೆ ವಿಷವನ್ನು ಒಮ್ಮೆ ತಿನ್ನಿಸಿದಾಗ ಅವುಗಳಲ್ಲಿ ಅರ್ಧದಷ್ಟು ಸಾಯಲು ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಎಷ್ಟು ಮಿಲಿಗ್ರಾಮ್ ಬೇಕಾಯಿತು ಎಂಬುದು ಈ ವಿಂಗಡಣೆಯ ಒಂದು ಮುಖ್ಯ ಅಳತೆ. 50 ಮಿಲಿಗ್ರಾಮಿನೊಳಗೆ ಕೊಂದರೆ ಕೆಂಪು, 500ರೊಳಗೆ ಹಳದಿ, 5,000ದೊಳಗೆ ನೀಲಿ, ಅದಕ್ಕೂ ಹೆಚ್ಚು ಬೇಕಾದರೆ ಹಸಿರು. ಚರ್ಮದ ಮೂಲಕ ಒಳಸೇರುವ ವಿಷಕ್ಕೂ ಇಂಥದೇ ಲೆಕ್ಕವಿದೆ. ಹಸಿರು ತ್ರಿಕೋನದ ಮೇಲ್ಭಾಗದಲ್ಲಿ ಕಾನೂನು ಬರೆಸಿರುವುದು 'ಎಚ್ಚರಿಕೆ' ಎಂಬ ಪದವನ್ನೇ ಹೊರತು 'ನಿರಪಾಯ' ಎಂಬುದನ್ನಲ್ಲ.

ಎಂದರೆ ಈ ಬಣ್ಣ ಹೇಳುವುದು ಕುಡಿದವನು ಅಂದೇ ಸಾಯುವನೋ ಇಲ್ಲವೋ ಎಂಬುದನ್ನು ಮಾತ್ರ. ಇಪ್ಪತ್ತು ವರ್ಷ ಬೆನ್ನಿಗೆ ಪಂಪು ಹೊತ್ತು ಸಿಂಪಡಿಸಿದವನ ಗತಿ, ಬಸಿರಿಯಾದವಳು ಆ ತೋಟದಲ್ಲಿ ಕೆಲಸ ಮಾಡಿದರೆ ಆಗುವುದು, ಹಳ್ಳದ ಮೀನು ಮತ್ತು ತುಡುವೆ ಜೇನಿನ ಪಾಡು ಇವು ಯಾವುವೂ ಆ ತ್ರಿಕೋನದ ವ್ಯಾಪ್ತಿಗೆ ಬರುವುದಿಲ್ಲ. ಶುಂಠಿ ಮತ್ತು ತರಕಾರಿಗೆ ಧಾರಾಳವಾಗಿ ಬಳಕೆಯಾಗುವ ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕದ ತತ್‌ಕ್ಷಣದ ವಿಷತ್ವ ಬಹಳ ಕಡಿಮೆ. ಅದೇ ಮ್ಯಾಂಕೊಜೆಬ್‌ನ ಅನುಮತಿಯನ್ನು ಐರೋಪ್ಯ ಒಕ್ಕೂಟ 2020ರ ಡಿಸೆಂಬರಿನಲ್ಲಿ ನವೀಕರಿಸಲು ನಿರಾಕರಿಸಿತು. ಅದು ಸಂತಾನಶಕ್ತಿಗೆ ಹಾನಿಕಾರಕವೆಂಬ ವರ್ಗೀಕರಣ ಮತ್ತು ದೇಹದ ಹಾರ್ಮೋನುಗಳ ವ್ಯವಸ್ಥೆಯನ್ನು ಕೆಡಿಸುವ ಅದರ ಗುಣ ಈ ನಿರ್ಧಾರದ ಹಿಂದಿದ್ದವು. ಎರಡು ಮಾತೂ ಏಕಕಾಲಕ್ಕೆ ಸತ್ಯ. ಇಲ್ಲಿನ ರೈತನಿಗೆ ಮೊದಲನೆಯದು ಮಾತ್ರ ಬಣ್ಣದಲ್ಲಿ ಕಾಣುತ್ತದೆ.

ವಾಣಿಜ್ಯ ಜಗತ್ತಿನ ಹಸಿರು ಮಾತುಗಳ ಸ್ವಭಾವವೇ ಇದು. ಅವು ಸಾಮಾನ್ಯವಾಗಿ ಹಸಿ ಸುಳ್ಳುಗಳಲ್ಲ. ಒಂದು ಸಣ್ಣ ನಿಜವನ್ನು ಮುಂದೆ ನಿಲ್ಲಿಸಿ, ಅದರ ನೆರಳಿನಲ್ಲಿ ದೊಡ್ಡ ಸಂಗತಿಯೊಂದನ್ನು ಮರೆಮಾಡುವ ಕಲೆ. ಇಂಗ್ಲಿಷಿನಲ್ಲಿ ಇದಕ್ಕೆ ಗ್ರೀನ್‌ವಾಷಿಂಗ್ ಎಂಬ ಹೆಸರಿದೆ. ಬಿರುಕುಬಿಟ್ಟ ಗೋಡೆಗೆ ಸುಣ್ಣ ಬಳಿದಂತೆ, ಇಲ್ಲಿ ಬಳಿಯುವುದು ಹಸಿರು ಸುಣ್ಣ. ಈ ಪದ ಬಳಕೆಗೆ ಬಂದದ್ದು 1986ರಲ್ಲಿ ಜೇ ವೆಸ್ಟರ್‌ವೆಲ್ಡ್ ಎಂಬ ಅಮೆರಿಕದ ಪರಿಸರವಾದಿ ಬರೆದ ಪ್ರಬಂಧದಿಂದ. ಶಾಂತಸಾಗರದ ಫಿಜಿ ದ್ವೀಪದ ವಿಹಾರಧಾಮವೊಂದರಲ್ಲಿ, ಭೂಮಿಯನ್ನು ಉಳಿಸುವ ಸಲುವಾಗಿ ಒಂದೇ ಟವೆಲನ್ನು ಮತ್ತೆ ಬಳಸಿರೆಂದು ಅತಿಥಿಗಳನ್ನು ಕೋರುವ ಚೀಟಿಯನ್ನು ಅವರು ಕಂಡಿದ್ದರು. ಅದೇ ವೇಳೆಗೆ ಆ ವಿಹಾರಧಾಮ ತನ್ನ ಕಟ್ಟಡಗಳನ್ನು ವಿಸ್ತರಿಸುತ್ತಿತ್ತು. ಗುಡ್ಡವನ್ನು ಸಮತಟ್ಟು ಮಾಡಿ, ಹಳ್ಳಕ್ಕೆ ಅಡ್ಡಗಟ್ಟಿ, 'ಇಕೋ' ಎಂಬ ಎರಡಕ್ಷರವನ್ನು ಹೆಬ್ಬಾಗಿಲಿಗೆ ತೂಗುಹಾಕುವ ರೆಸಾರ್ಟುಗಳನ್ನು ನೋಡುತ್ತಿರುವ ಪಶ್ಚಿಮಘಟ್ಟದ ಜನಕ್ಕೆ ಈ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೃಷಿಯ ಮಟ್ಟಿಗೆ ಇದರ ಪ್ರಸಿದ್ಧ ಉದಾಹರಣೆ ಗ್ಲೈಫೊಸೇಟ್. ಮೊನ್ಸಾಂಟೊ ಕಂಪೆನಿ 1974ರಲ್ಲಿ 'ರೌಂಡಪ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಈ ಕಳೆನಾಶಕ ಇಂದು ಅಡಿಕೆ ತೋಟದ ಬರಣದಿಂದ ಕಾಫಿ ತೋಟದ ಅಂಚಿನವರೆಗೆ, ರಬ್ಬರಿನ ಸಾಲಿನಿಂದ ಮನೆಯಂಗಳದವರೆಗೆ ನಾನಾ ಹೆಸರುಗಳಲ್ಲಿ ಹರಡಿದೆ. ಜೈವಿಕವಾಗಿ ಕರಗುತ್ತದೆ, ಪರಿಸರಸ್ನೇಹಿ, ಅಡುಗೆ ಉಪ್ಪಿಗಿಂತಲೂ ನಿರಪಾಯ ಎಂಬ ಧಾಟಿಯ ಜಾಹೀರಾತುಗಳೊಂದಿಗೆ ಅದು ಬೆಳೆಯಿತು. ಈ ಮಾತುಗಳನ್ನು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಪ್ರಶ್ನಿಸಿದಾಗ, 1996ರಲ್ಲಿ ಕಂಪೆನಿ ತಪ್ಪನ್ನು ಒಪ್ಪಿಕೊಳ್ಳದೆಯೇ ಆ ರಾಜ್ಯದ ಮಟ್ಟಿಗೆ ಅಂಥ ಜಾಹೀರಾತುಗಳನ್ನು ನಿಲ್ಲಿಸಲು ಸಮ್ಮತಿಸಿತು. ಒಂದು ರಾಜ್ಯದಲ್ಲಿ ಹೇಳಬಾರದ ಮಾತನ್ನು ಮಿಕ್ಕೆಡೆ ಹೇಳಲು ಅಡ್ಡಿ ಇರಲಿಲ್ಲ.

ಫ್ರಾನ್ಸಿನಲ್ಲಿ ವ್ಯಾಜ್ಯ ಇನ್ನೂ ಮುಂದೆ ಹೋಯಿತು. ಬ್ರಿಟನಿ ಪ್ರಾಂತ್ಯದ ನದಿ ಸಂರಕ್ಷಣೆಯ ಸಂಘವೊಂದು ಮತ್ತು ಗ್ರಾಹಕ ಸಂಘಟನೆಯೊಂದು 2001ರಲ್ಲಿ ದೂರು ಕೊಟ್ಟವು. ಡಬ್ಬಿಯ ಮೇಲಿದ್ದ 'ಜೈವಿಕವಾಗಿ ಕರಗುವ', 'ಮಣ್ಣನ್ನು ಶುಚಿಯಾಗಿ ಉಳಿಸುವ' ಎಂಬ ಮಾತುಗಳೇ ದೂರಿನ ವಿಷಯ. ವಿಚಾರಣೆಯಲ್ಲಿ ಹೊರಬಂದ ಕಂಪೆನಿಯದೇ ಅಧ್ಯಯನದ ಪ್ರಕಾರ 28 ದಿನಗಳಲ್ಲಿ ಕರಗಿದ್ದು ಶೇಕಡಾ 2ರಷ್ಟು ಮಾತ್ರ. 2007ರ ಜನವರಿಯಲ್ಲಿ ಲಿಯಾನ್ ನಗರದ ನ್ಯಾಯಾಲಯ ಇದು ದಾರಿತಪ್ಪಿಸುವ ಜಾಹೀರಾತೆಂದು ತೀರ್ಮಾನಿಸಿ 15,000 ಯೂರೋ ದಂಡ ವಿಧಿಸಿತು. 2009ರ ಅಕ್ಟೋಬರಿನಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ದೂರು ಕೊಟ್ಟಂದಿನಿಂದ ಎಂಟು ವರ್ಷ. ಅಷ್ಟು ವರ್ಷಗಳ ಮಾರಾಟದ ಎದುರು 15,000 ಯೂರೋ ಎಂದರೆ ಆನೆಯ ಬೆನ್ನಿನ ಮೇಲೆ ಸೊಳ್ಳೆ ಕುಳಿತಂತೆ.

ಇಲ್ಲಿ ವಿಜ್ಞಾನದ ಸೂಕ್ಷ್ಮವೊಂದನ್ನು ಗಮನಿಸಬೇಕು. ಗ್ಲೈಫೊಸೇಟ್ ಕರಗುವುದೇ ಇಲ್ಲವೆಂದಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಆದರೆ ಅದಕ್ಕೆ ಹಿಡಿಯುವ ಕಾಲ ಮಣ್ಣಿನಿಂದ ಮಣ್ಣಿಗೆ ಕೆಲವು ದಿನಗಳಿಂದ ಹಲವು ತಿಂಗಳುಗಳವರೆಗೆ ವ್ಯತ್ಯಾಸವಾಗುತ್ತದೆ. ಒಡೆದಾಗ ಉಳಿಯುವ 'ಆಂಪಾ' ಎಂಬ ವಸ್ತು ಇನ್ನೂ ಹೆಚ್ಚು ಕಾಲ ಬಾಳುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಮ್‌ನ ಆಕ್ಸೈಡುಗಳಿಗೆ ಗ್ಲೈಫೊಸೇಟ್ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣು ಈ ಆಕ್ಸೈಡುಗಳ ಕಣಜ. ಮಣ್ಣಿಗೆ ಅಂಟಿಕೊಂಡರೆ ನೀರಿಗೆ ಇಳಿಯದಲ್ಲವೇ ಎಂಬುದು ಕಂಪೆನಿಗಳ ವಾದ. ಮಣ್ಣು ಇದ್ದಲ್ಲೇ ಇದ್ದರೆ ಆ ವಾದ ಸರಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಇಳಿಜಾರಿನಲ್ಲಿ, ಕಳೆಯನ್ನೆಲ್ಲ ಸುಟ್ಟು ನೆಲವನ್ನು ಬತ್ತಲೆ ಮಾಡಿದ ಮೇಲೆ, ಆಷಾಢದ ಮೊದಲ ಜಡಿಮಳೆಗೆ ಮಣ್ಣು ಇದ್ದಲ್ಲೇ ಇರುತ್ತದೆಯೇ? ಅದು ಕಾದಿಗೆಗೆ ಇಳಿದು, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸಾಗುತ್ತದೆ. ಬಯಲುಸೀಮೆಯ ಸಮತಟ್ಟು ಹೊಲದ ಲೆಕ್ಕವನ್ನು ಘಟ್ಟದ ಇಳಿಜಾರಿಗೆ ತಂದು ಹಚ್ಚುವುದೂ ಒಂದು ಬಗೆಯ ಹಸಿರು ಸುಣ್ಣವೇ. ಸುಟ್ಟುಹೋಗುವ ಕಳೆಯ ಪೈಕಿ ತಂಬುಳಿಗೆ ಒದಗುವ ಒಂದೆಲಗವೂ ಇರುತ್ತದೆಂಬುದು ಯಾವ ಪ್ರಯೋಗಶಾಲೆಯ ಲೆಕ್ಕಕ್ಕೂ ಸಿಗದ ನಷ್ಟ.

2015ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗ್ಲೈಫೊಸೇಟನ್ನು 'ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿತು. ಹಲವು ದೇಶಗಳ ನಿಯಂತ್ರಣ ಸಂಸ್ಥೆಗಳು ಇದನ್ನು ಒಪ್ಪಿಲ್ಲ. ವಿವಾದ ಇಂದಿಗೂ ಜೀವಂತವಾಗಿದೆ. ಭಾರತದಲ್ಲಿ ಅದರ ಬಳಕೆಗೆ ಅನುಮತಿ ಸಿಕ್ಕಿದ್ದು ಚಹಾ ತೋಟಗಳಿಗೆ ಮತ್ತು ಬೆಳೆಯಿಲ್ಲದ ಜಾಗಗಳಿಗೆ ಮಾತ್ರ, ಅಡಿಕೆಗೆ ಅಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ, ಪರವಾನಗಿ ಪಡೆದ ಪೀಡೆ ನಿಯಂತ್ರಕರ ಮೂಲಕವಲ್ಲದೆ ಯಾರೂ ಇದನ್ನು ಬಳಸುವಂತಿಲ್ಲ ಎಂದು ಆದೇಶ ಹೊರಡಿಸಿತು. ಅಂಥ ಪರವಾನಗಿದಾರನೊಬ್ಬ ಘಟ್ಟದ ಮೇಲಿನ ಎಷ್ಟು ತೋಟಗಳ ಉಣುಗೋಲು ದಾಟಿ ಒಳಬಂದಿದ್ದಾನೆ?

ಹಸಿರು ಸುಣ್ಣ ಡಬ್ಬಿ, ಬಾಟಲಿಗಳಿಗೆ ಸೀಮಿತವಲ್ಲ. ಇಡೀ ಗುಡ್ಡಕ್ಕೇ ಅದನ್ನು ಬಳಿಯಬಹುದೆಂಬುದಕ್ಕೆ ಕರ್ನಾಟಕದ ಇತಿಹಾಸದಲ್ಲೇ ಸಾಕ್ಷ್ಯವಿದೆ. 1984ರಲ್ಲಿ ರಾಜ್ಯ ಸರ್ಕಾರದ ಅರಣ್ಯ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪೆನಿ ಹುಟ್ಟುಹಾಕಿದವು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ 'ಪಾಳುಭೂಮಿ'ಯನ್ನು ನೀಲಗಿರಿ ಬೆಳೆದು ಹಸಿರಾಗಿಸುವುದು ಯೋಜನೆ. ಕಾಗದಪತ್ರದಲ್ಲಿ ಅದು ಅರಣ್ಯೀಕರಣ. ಬೆಳೆದ ಮರ ಹೋಗಬೇಕಾದದ್ದು ಕೃತಕ ನೂಲಿನ ಕಾರ್ಖಾನೆಗೆ. ಸರ್ಕಾರದ ಕಡತದಲ್ಲಿ ಪಾಳು ಎನಿಸಿಕೊಂಡ ಆ ನೆಲ ಹಳ್ಳಿಯವರಿಗೆ ಗೋಮಾಳವಾಗಿತ್ತು, ಸೌದೆಯಾಗಿತ್ತು, ಮಾಡಿಗೆ ಹೊದಿಸುವ ಹುಲ್ಲಾಗಿತ್ತು, ಗೊಬ್ಬರದ ಗುಂಡಿಗೆ ಸೊಪ್ಪು, ದರಕಾಗಿತ್ತು. ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯದವರೂ 1986ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮರದ ಸಸಿಗಳನ್ನು ಅಲ್ಲೇ ನೆಟ್ಟರು. 'ಕಿತ್ತಿಕೊ-ಹಚ್ಚಿಕೊ' ಎಂಬ ಆ ಸತ್ಯಾಗ್ರಹವನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಕೇಳಿದ್ದಾರೋ. 1991ರಲ್ಲಿ ಜಂಟಿ ಕಂಪೆನಿ ಬಾಗಿಲು ಮುಚ್ಚಿತು.

ಬಾಗಿಲು ಮುಚ್ಚಿದ್ದು ಒಂದು ಕಂಪೆನಿ ಮಾತ್ರ, ಆಲೋಚನಾಕ್ರಮವಲ್ಲ. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ ಗುತ್ತಿಗೆಗೆ ಕೊಟ್ಟ 20 ಸಾವಿರ ಹೆಕ್ಟೇರಿಗೂ ಹೆಚ್ಚಿನ ಭೂಮಿಯಲ್ಲಿ ಅಕೇಶಿಯಾ, ನೀಲಗಿರಿಗಳು ಬೆಳೆದವು. ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಆದರೂ 2020ರಲ್ಲಿ ಗುತ್ತಿಗೆ ಮುಗಿದಾಗ ಸರ್ಕಾರ ಅದನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಲು ಹೊರಟಿತು. 'ನಮ್ಮೂರಿಗೆ ಅಕೇಶಿಯಾ ಬೇಡ' ಎಂಬ ಕೂಗು ಶಿವಮೊಗ್ಗದ ಹಳ್ಳಿಗಳಲ್ಲಿ ಎದ್ದದ್ದು ಆಗಲೇ. ಉಪಗ್ರಹದ ಕಣ್ಣಿಗೆ ಅಕೇಶಿಯಾದ ಸಾಲೂ ಹಸಿರೇ, ದೇವರಕಾಡೂ ಹಸಿರೇ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವ್ಯಾಖ್ಯೆಯಂತೆ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇಕಡಾ 10ಕ್ಕಿಂತ ಹೆಚ್ಚು ಮರದ ನೆರಳಿರುವ ಯಾವ ಜಾಗವೂ, ಮರ ಯಾವುದೇ ಇರಲಿ ಒಡೆಯ ಯಾರೇ ಇರಲಿ, 'ಅರಣ್ಯ ಹೊದಿಕೆ'. ಈ ಲೆಕ್ಕದಲ್ಲಿ ಕಾಡು ಕಡಿದು ನೆಡುತೋಪು ಮಾಡಿದರೂ ಅಂಕಿ ಇಳಿಯುವುದಿಲ್ಲ.

ಈಗ ಇದಕ್ಕೆ ಹೊಸ ಮಾರುಕಟ್ಟೆಯೂ ಸೇರಿದೆ. 2023ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ತಂದ ಹಸಿರು ಕ್ರೆಡಿಟ್ ನಿಯಮಗಳಡಿ, ಗಿಡ ನೆಡಲು ಹಣ ಹೂಡುವ ಕಂಪೆನಿಗಳಿಗೆ ಕ್ರೆಡಿಟ್ ಸಿಗುತ್ತದೆ. 2024ರ ಫೆಬ್ರುವರಿಯ ಮೊದಲ ವಿಧಾನದಲ್ಲಿ ಮರವೊಂದಕ್ಕೆ ಒಂದು ಕ್ರೆಡಿಟ್, ಹೆಕ್ಟೇರಿಗೆ ಕನಿಷ್ಠ 1,100 ಮರ ಎಂಬ ಲೆಕ್ಕವಿತ್ತು. ಟೀಕೆಗಳು ಬಂದ ಬಳಿಕ 2025ರಲ್ಲಿ ಅದನ್ನು ಬದಲಿಸಿ, ಐದು ವರ್ಷಗಳ ಪೋಷಣೆ ಮತ್ತು ಶೇಕಡಾ 40ರ ನೆರಳಿನ ಷರತ್ತನ್ನು ತರಲಾಯಿತು. ತಿದ್ದುಪಡಿ ಒಳ್ಳೆಯದೇ. ಆದರೆ ಬೇಣದ ಹುಲ್ಲುಗಾವಲಿಗೂ ಘಟ್ಟದ ನೆತ್ತಿಯ ಶೋಲಾ ಹುಲ್ಲಿಗೂ ಶೇಕಡಾ 40 ನೆರಳು ಎಲ್ಲಿಂದ ಬರಬೇಕು? ನೆರಳಿಲ್ಲದಿರುವುದೇ ಅವುಗಳ ಆರೋಗ್ಯ. ದೂರದ ನಗರದ ಕಾರ್ಖಾನೆ ತನ್ನ ಹೊಗೆಯ ಪಾಪವನ್ನು ತೊಳೆದುಕೊಳ್ಳಲು ಘಟ್ಟದ ಹುಲ್ಲಿನ ಮೇಲೆ ಸಸಿ ನೆಟ್ಟರೆ, ಆ ಕಾರ್ಖಾನೆಯ ವಾರ್ಷಿಕ ವರದಿಯ ರಕ್ಷಾಪುಟ ಹಸಿರಾಗುತ್ತದೆ. ದನ ಮೇಯಿಸುವವನು ಮಾತ್ರ ಇನ್ನೊಂದು ಗುಡ್ಡ ಹುಡುಕಬೇಕು.

ಹೊರಗಿನವರನ್ನು ದೂರಿದಷ್ಟೇ ನಿಷ್ಠುರವಾಗಿ ಮಲೆನಾಡು ತನ್ನ ಬುಟ್ಟಿಯನ್ನೂ ನೋಡಿಕೊಳ್ಳಬೇಕು. 'ಸಾವಯವ ಅಡಿಕೆ' ಎಂಬ ಮಾತನ್ನೇ ತೆಗೆದುಕೊಳ್ಳಬಹುದು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಪರಿಣಾಮಕಾರಿ ಎಂದು ತೋರಿಸಿಕೊಟ್ಟರು. ಅದಿಲ್ಲದಿದ್ದರೆ ಎಷ್ಟೋ ತೋಟಗಳು ಉಳಿಯುತ್ತಿರಲಿಲ್ಲ. ಸಾವಯವ ಕೃಷಿಯ ನಿಯಮಗಳೂ ಅದನ್ನು ಮಿತಿಯೊಳಗೆ ಒಪ್ಪುತ್ತವೆ. ಆದರೆ ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ತಾಮ್ರ ಮೂಲಧಾತು; ಯಾವ ಸೂಕ್ಷ್ಮಜೀವಿಯೂ ಅದನ್ನು ಒಡೆಯಲಾರದು. ಮಳೆಗಾಲಕ್ಕೆ ಎರಡು ಮೂರು ಬಾರಿಯಂತೆ ಮೂರು ತಲೆಮಾರು ಸಿಂಪಡಿಸಿದ ತೋಟದ ಮಣ್ಣಿನಲ್ಲಿ ಅದು ಸಂಚಯವಾಗುತ್ತಲೇ ಇರುತ್ತದೆ. ಎರೆಹುಳುವಿಗೆ ಅದು ಹಿತವಲ್ಲ. ಸಾವಯವ ಎಂದು ಮಾರುವವರು ಈ ಮಾತನ್ನೂ ಹೇಳುವ ಧೈರ್ಯ ತೋರಬೇಕು. ಹಾಳೆಯ ಕೊಟ್ಟೆ ಕಟ್ಟಿ ಗೊನೆ ಕಾಯುತ್ತಿದ್ದ ಹಿರಿಯರ ಪದ್ಧತಿಗೆ ಇಂದು ಕೊನೆಗೌಡರು ಸಿಗುವುದಿಲ್ಲ ಎಂಬ ಕಷ್ಟವೂ ನಿಜವೇ. ಹಾಗಿರುವಾಗ ಕಷ್ಟವನ್ನು ಕಷ್ಟವೆಂದೇ ಹೇಳಿ ಮಾರುವುದರಲ್ಲಿ ಅವಮಾನವೇನಿದೆ?

ಹಾಳೆ ತಟ್ಟೆಯ ಪ್ರಸಂಗ ಇನ್ನೂ ಕಹಿ. ಪ್ಲಾಸ್ಟಿಕ್ಕಿಗೆ ಪರ್ಯಾಯವೆಂದು, ಪೂರ್ಣ ಪರಿಸರಸ್ನೇಹಿಯೆಂದು ಕರಾವಳಿ ಮತ್ತು ಮಲೆನಾಡಿನ ಸಣ್ಣ ಘಟಕಗಳಿಂದ ಹಡಗು ಹತ್ತಿದ ತಟ್ಟೆಗಳನ್ನು 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಆಹಾರ ಬಡಿಸಲು ಒಪ್ಪಿತವಾದ ವಸ್ತುವಲ್ಲ ಎಂದು ಹೇಳಿ ತಡೆಯಿತು. ಅಡಿಕೆಯ ಸಸ್ಯಕ್ಷಾರಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದೆಂಬುದು ಅದರ ಆತಂಕ. ಇದು ಪ್ಲಾಸ್ಟಿಕ್ ಕಂಪೆನಿಗಳ ಕೈವಾಡವೆಂದು ಕೂಗಾಡುವುದು ಸುಲಭ. ಆದರೆ ಮಣ್ಣಿನಲ್ಲಿ ಕರಗುವ ಗುಣವೇ ಬೇರೆ, ಬಿಸಿ ಸಾರು ಸುರಿದಾಗಿನ ಸುರಕ್ಷತೆಯೇ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ನಂಬಿ ಎನ್ನುವುದು, ಹಸಿರು ತ್ರಿಕೋನ ತೋರಿಸಿದ ಅಂಗಡಿಯವರ ಮಾತಿಗಿಂತ ಭಿನ್ನವೇನಲ್ಲ. ತಲೆತಲಾಂತರದಿಂದ ಹಾಳೆಯಲ್ಲಿ ಉಂಡ ಜನ ಪರೀಕ್ಷೆಗೆ ಅಂಜಬೇಕಾಗಿಲ್ಲ. ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಮುಂದಿಡಬೇಕಾಗಿದೆ.

ಸುಳ್ಳು ಹಸಿರಿನಿಂದ ಹೆಚ್ಚು ನಷ್ಟವಾಗುವುದು ಪೇಟೆಯ ಗ್ರಾಹಕನಿಗಲ್ಲ, ನಿಜವಾಗಿ ಕಷ್ಟಪಟ್ಟ ಬೆಳೆಗಾರನಿಗೆ. ಬಹುವಾರ್ಷಿಕ ಬೆಳೆಗೆ ಸಾವಯವ ಪ್ರಮಾಣಪತ್ರ ಸಿಗಬೇಕಾದರೆ ಮೂರು ವರ್ಷಗಳ ಪರಿವರ್ತನೆಯ ಅವಧಿಯನ್ನು ದಾಟಬೇಕು. ಆ ಮೂರು ವರ್ಷ ಇಳುವರಿ ಕಡಿಮೆ, ಬೆಲೆ ಮಾಮೂಲಿ. ಅದನ್ನು ಸಹಿಸಿದವನ ಏಲಕ್ಕಿಯ ಪಕ್ಕದಲ್ಲೇ, ಎಲೆಯ ಚಿತ್ರ ಮತ್ತು 'ನೈಸರ್ಗಿಕ' ಎಂಬ ಪದವನ್ನಷ್ಟೇ ಅಚ್ಚುಹಾಕಿಸಿದ ಪೊಟ್ಟಣ ಕುಳಿತಿರುತ್ತದೆ. ಅದರ ಬೆಲೆ ಕಡಿಮೆ, ಚಿತ್ರ ಇನ್ನೂ ಚೆಂದ. ಎರಡರ ವ್ಯತ್ಯಾಸ ತಿಳಿಯದ ಗ್ರಾಹಕ ಒಂದೆರಡು ಬಾರಿ ಮೋಸಹೋದ ಮೇಲೆ ಎರಡನ್ನೂ ನಂಬುವುದನ್ನು ಬಿಡುತ್ತಾನೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 1991ರಲ್ಲೇ ಮಣ್ಣಿನ ಮಡಕೆಯ ಚಿಹ್ನೆಯ 'ಇಕೋಮಾರ್ಕ್' ಬಂತು. ಚಿಹ್ನೆ ಬಹಳ ಸುಂದರವಾಗಿತ್ತು. ಅದನ್ನು ಪಡೆಯಲು ಕಂಪೆನಿಗಳು ಮಾತ್ರ ಮುಂದೆ ಬರಲಿಲ್ಲ. ಕಟ್ಟುನಿಟ್ಟಿನ ಮುದ್ರೆಗಿಂತ ತಾವೇ ಬರೆದುಕೊಳ್ಳುವ ಎಲೆಯ ಚಿತ್ರ ಅಗ್ಗವಲ್ಲವೇ? 2024ರ ಸೆಪ್ಟೆಂಬರಿನಲ್ಲಿ ಆ ಯೋಜನೆಗೆ ಹೊಸ ನಿಯಮಗಳು ಬಂದವು. ಮರು ತಿಂಗಳೇ, ಅಕ್ಟೋಬರಿನಲ್ಲಿ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಸಿರು ಸುಣ್ಣದ ವಿರುದ್ಧವೇ ಮಾರ್ಗಸೂಚಿ ಹೊರಡಿಸಿತು. ಅದರಂತೆ 'ಪರಿಸರಸ್ನೇಹಿ', 'ಹಸಿರು', 'ನೈಸರ್ಗಿಕ', 'ಸಾವಯವ' ಮುಂತಾದ ಪದಗಳನ್ನು ಬರಿದೇ ಬಳಸುವಂತಿಲ್ಲ. ಆ ಗುಣ ಇಡೀ ವಸ್ತುವಿನದೋ, ಪೊಟ್ಟಣದ್ದು ಮಾತ್ರವೋ, ತಯಾರಿಕೆಯ ಕ್ರಮದ್ದೋ ಎಂದು ತಿಳಿಸಬೇಕು; ಆಧಾರವನ್ನು ಗ್ರಾಹಕನಿಗೆ ಸಿಗುವಂತೆ ಇಡಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಮೊದಲ ಬಾರಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ.

ಕಾಯ್ದೆ ತಾನಾಗಿ ಗೊಬ್ಬರದ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಅದನ್ನು ಹತ್ತಿಸಬಲ್ಲವರು ಊರಿನ ಹೈಸ್ಕೂಲು, ಕಾಲೇಜಿನ ಹುಡುಗ ಹುಡುಗಿಯರು. ಒಂದು ತಿಂಗಳ ಕಾಲ ತಮ್ಮ ಮನೆ, ತೋಟ, ಅಂಗಡಿಗಳಲ್ಲಿ ಸಿಗುವ ಹಸಿರು ಚೀಟಿಗಳನ್ನೆಲ್ಲ ಅವರು ಒಂದು ನೋಟುಪುಸ್ತಕದಲ್ಲಿ ಅಂಟಿಸಲಿ. ವಿಷದ ಡಬ್ಬಿಯ ಚೀಟಿ ಕೀಳುವಾಗ ಕೈಗವಸು ಇರಲಿ, ಖಾಲಿ ಡಬ್ಬಿಯನ್ನು ಯಾರೂ ನೀರಿಗೆ ಬಳಸದಿರಲಿ. ಪ್ರತಿ ಚೀಟಿಯ ಕೆಳಗೆ ಅದು ಹೇಳುವ ಹಸಿರು ಯಾವ ಭಾಗದ್ದು, ಅಳೆದವರು ಯಾರು, ಎಂಥ ನೆಲದಲ್ಲಿ ಅಳೆದರು ಎಂದು ಬರೆಯಲು ಜಾಗ ಬಿಡಲಿ. ಉತ್ತರ ಸಿಗದ ಜಾಗ ಖಾಲಿಯೇ ಇರಲಿ. ಕಂಪೆನಿಗೆ ಒಂದು ಕಾಗದ ಬರೆದು, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಅದೇ ಖಾಲಿ ಜಾಗದಲ್ಲಿ ಬರೆದಿಡಲಿ. ಮುಂದಿನ ಗ್ರಾಮಸಭೆಗೆ ಆ ನೋಟುಪುಸ್ತಕವನ್ನು ಒಯ್ಯಲಿ.